ಮೋಟಾರಿನ ಜೀರ್ಣೋದ್ಧಾರ

ಹಳೆಯ ಗುಡಿಯೊಂದನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸಕ್ಕೆ ನಮ್ಮಲ್ಲಿ ಜೀರ್ಣೋದ್ಧಾರವೆಂಬ ಗೌರವದ ಹೆಸರುಂಟು. ಹಳೆಯ ಮೋಟಾರನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಮಾತ್ರ ರಿಪೇರಿ ಎಂಬ ಸಾಮಾನ್ಯ ಹೆಸರೇ ಸಾಕೆಂದು ತಿಳಿದಿದ್ದೇವೆ. ತೆಂಗಳಿಯ ಸುತ್ತಮುತ್ತಲಿನ ನಾವು ಹಳೆಯದರ ಬೆಲೆಯನ್ನು ಅರಿಯದವರೇನೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನವಿತ್ತು. ಅಲ್ಲಿನ ಗ್ರಂಥಗಳನ್ನು ಕಾಯಲು ಸರಸ್ವತೀ ಭಂಡಾರಿಗರಿದ್ದರೆಂದು ಶಾಸನ ಹೇಳುತ್ತದೆ. ಆದರೆ ಕಲ್ಲಿಗೆ ಕೊಡುವ ಮರ್ಯಾದೆಯನ್ನು ಕಬ್ಬಿಣಕ್ಕೆ ಕೊಡುವುದು ನಮಗಿನ್ನೂ ರೂಢಿಯಾಗಿಲ್ಲ.

ಕಬ್ಬಿಣವೂ ನಮ್ಮ ಸೀಮೆಗೆ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಎರಡೂ ಆ ದಾರಿಯ ನಿಲ್ದಾಣಗಳು. 1932ರಲ್ಲಿ ಅದೇ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಹೈದರಾಬಾದು ಸಂಸ್ಥಾನದಲ್ಲಿ ಕೆಲಸ ಆರಂಭಿಸಿತು. ಶಹಾಬಾದು, ವಾಡಿಗಳ ಸಿಮೆಂಟು ಕಾರ್ಖಾನೆಗಳು ಈ ಭಾಗದ ಅನೇಕ ಕೈಗಳಿಗೆ ಯಂತ್ರದ ಪರಿಚಯ ಮಾಡಿಸಿದವು. ಹೀಗಿರುವಾಗ ಯಂತ್ರವೂ ಚರಿತ್ರೆಯ ಸಾಕ್ಷಿಯೆಂಬುದನ್ನು ನಾವು ಒಪ್ಪಲೇಬೇಕು. ಆ ಸಾಕ್ಷಿಯನ್ನು ಉಳಿಸಿಕೊಳ್ಳುವ ಬಗೆ ಹೇಗೆಂಬುದನ್ನು ತಿಳಿಯಲು ಜಪಾನಿನ ಹಳೆಯ ಕ್ರೀಡಾಕಾರುಗಳ ಕಥೆ ಒಳ್ಳೆಯ ಪಾಠ. ಕ್ರೀಡಾಕಾರು ಎಂದರೆ ಸಂಸಾರವನ್ನು ಹೊತ್ತು ಸಾಗುವ ಕಾರಲ್ಲ. ಇಬ್ಬರು ಕುಳಿತು, ಓಡಿಸುವ ಸುಖಕ್ಕಾಗಿಯೇ ಓಡಿಸುವ ತಗ್ಗು ಮೈಯ ಕಾರು.

1945ರಲ್ಲಿ ಯುದ್ಧ ಮುಗಿದಾಗ ಜಪಾನಿನ ಕಾರ್ಖಾನೆಗಳು ಪಾಳುಬಿದ್ದಿದ್ದವು. ಮಿತ್ರಪಕ್ಷಗಳ ಆಡಳಿತವು ಲಾರಿ ಕಟ್ಟಲು ಮಾತ್ರ ಅಪ್ಪಣೆ ಕೊಟ್ಟಿತು. 1947ರಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 300 ಸಣ್ಣ ಕಾರುಗಳನ್ನು ಕಟ್ಟಬಹುದೆಂದಾಯಿತು. ಈ ನಿರ್ಬಂಧ ಪೂರ್ತಿ ಸಡಿಲವಾದುದು 1949ರಲ್ಲಿ. ಅಂತಹ ದೇಶ ಇಪ್ಪತ್ತೇ ವರ್ಷಗಳಲ್ಲಿ ಯುರೋಪಿನವರು ತಿರುಗಿ ನೋಡುವಂತಹ ಕಾರುಗಳನ್ನು ಕಟ್ಟಿತು. ಆದುದರಿಂದ ಆ ಕಾರುಗಳು ಜಪಾನೀಯರಿಗೆ ಕೇವಲ ಶ್ರೀಮಂತರ ಆಟಿಕೆಗಳಲ್ಲ. ಕಳೆದುಹೋದ ಆತ್ಮವಿಶ್ವಾಸ ಮರಳಿ ಬಂದುದರ ಗುರುತುಗಳು.

ಮೊದಲು ಹೋಂಡಾ ಕಾರ್ಖಾನೆಯನ್ನು ನೋಡೋಣ. ಸೊಯಿಚಿರೋ ಹೋಂಡಾ ಮೋಟಾರು ಸೈಕಲ್ಲುಗಳಿಂದ ಹೆಸರು ಗಳಿಸಿದವರು. 1963ರಲ್ಲಿ ಅವರ ಕಾರ್ಖಾನೆ ಎಸ್ 500 ಎಂಬ ಪುಟ್ಟ ತೆರೆದ ಕಾರನ್ನು ಹೊರತಂದಿತು. ಅದರ ಎಂಜಿನ್ನು ಕೇವಲ 531 ಸಿ.ಸಿ.; ಆದರೆ ಅದಕ್ಕೆ ನಾಲ್ಕು ಕಾರ್ಬುರೇಟರುಗಳು. ಹಿಂದಿನ ಗಾಲಿಗಳಿಗೆ ಶಕ್ತಿ ಮುಟ್ಟುತ್ತಿದ್ದುದು ಮೋಟಾರು ಸೈಕಲ್ಲಿನಂತೆ ಚೈನಿನ ಮೂಲಕ. ಗಡಿಯಾರದ ಕೆಲಸಗಾರನೊಬ್ಬ ಕಾರು ಕಟ್ಟಿದರೆ ಹೇಗಿರಬಹುದೋ ಹಾಗಿತ್ತು ಆ ಯಂತ್ರ.

ಹಿರೋಶಿಮಾ ಎಂಬ ಊರಿನ ಹೆಸರು ಕೇಳಿದರೆ ನಮ್ಮ ಮನಸ್ಸಿಗೆ ಬರುವುದು ಅಣುಬಾಂಬು. ಅದೇ ಊರಿನ ಮಾಜ್ದಾ ಕಾರ್ಖಾನೆಯಿಂದ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಎಂಬ ಕಾರು ಹೊರಬಂದಿತು. ಇದರ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳಿಲ್ಲ. ತ್ರಿಕೋನಾಕಾರದ ರೋಟರುಗಳು ಸುತ್ತುತ್ತವೆ. ಜರ್ಮನಿಯ ಫೆಲಿಕ್ಸ್ ವಾಂಕೆಲರ ಈ ಉಪಾಯವನ್ನು ರಸ್ತೆಗೆ ಯೋಗ್ಯವಾಗಿಸುವುದು ಸುಲಭವಾಗಿರಲಿಲ್ಲ. ರೋಟರಿನ ತುದಿಯ ಪಟ್ಟಿಗಳು ಒಳಗೋಡೆಯನ್ನು ಗೀರಿ ಗೀರಿ ಕೆಡಿಸುತ್ತಿದ್ದವು. ಎಂಜಿನಿಯರುಗಳು ಆ ಗೀರುಗಳನ್ನು ದೆವ್ವದ ಉಗುರುಗಳೆಂದು ಕರೆದರು. ಕೆನಿಚಿ ಯಮಮೋಟೋ ಅವರ ಮುಂದಾಳುತನದಲ್ಲಿ 47 ಮಂದಿ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು, ಇಂಗಾಲ ಮತ್ತು ಅಲ್ಯುಮಿನಿಯಮ್ ಬೆರೆಸಿದ ಪಟ್ಟಿಯಿಂದ ಆ ಕಾಟವನ್ನು ಕಳೆದರು.

ಅದೇ 1967ರಲ್ಲಿ ಟೊಯೋಟಾ ಕಾರ್ಖಾನೆ ಯಮಾಹಾದವರ ಸಹಾಯದಿಂದ 2000 ಜಿ.ಟಿ. ಕಾರನ್ನು ಮಾರಾಟಕ್ಕೆ ತಂದಿತು. ಅದರ ಹಿಂದಿನ ವರ್ಷ ಯಾತಾಬೆ ಎಂಬಲ್ಲಿ ಈ ಕಾರು 72 ಗಂಟೆಗಳ ಕಾಲ ಓಡಿ ಜಾಗತಿಕ ದಾಖಲೆಗಳನ್ನು ಸ್ಥಾಪಿಸಿತ್ತು. 1970ರ ವರೆಗೆ ಕಟ್ಟಿದುದು ಸುಮಾರು 350 ಮಾತ್ರ. 2013ರ ಒಂದು ಹರಾಜಿನಲ್ಲಿ ಇಂತಹ ಕಾರೊಂದಕ್ಕೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆ ಬಂದಿತು.

ಇವೆಲ್ಲ ಕೆಲವರ ಕೈಗಷ್ಟೇ ಎಟುಕಿದ ಕಾರುಗಳು. ಸಾಮಾನ್ಯ ಸಂಬಳದವನಿಗೂ ಕ್ರೀಡಾಕಾರು ಸಿಕ್ಕಿದ್ದು 1969ರಲ್ಲಿ ಬಂದ ನಿಸ್ಸಾನ್ ಫೇರ್‌ಲೇಡಿ ಝಡ್‌ನಿಂದ. ಅಮೆರಿಕದಲ್ಲಿ ಅದು ಡಾಟ್ಸನ್ 240 ಝಡ್ ಆಯಿತು. 2.4 ಲೀಟರಿನ ಆರು ಸಿಲಿಂಡರಿನ ಎಂಜಿನ್ನು, ಬೆಲೆ 3,500 ಡಾಲರಿನ ಸುಮಾರು. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯಲ್ಲಿ, ಕೆಮ್ಮಣ್ಣಿನ ಧೂಳು ಮತ್ತು ಕೆಸರಿನ ನಡುವೆ, 1971 ಮತ್ತು 1973ರಲ್ಲಿ ಇದೇ ಕಾರು ಗೆದ್ದಿತು. 1978ರ ವರೆಗೆ ಈ ಪೀಳಿಗೆಯ ಝಡ್ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಇಷ್ಟು ಮಾರಾಟವಾದ ಕಾರುಗಳು ಎಲ್ಲಿ ಹೋದವು? ಬಹುಪಾಲು ಗುಜರಿಗೆ. ಇದಕ್ಕೆ ಮೊದಲ ಕಾರಣ ತುಕ್ಕು. ಅಂದಿನ ತೆಳುವಾದ ಉಕ್ಕಿನ ತಗಡಿಗೆ ಇಂದಿನಂತಹ ರಕ್ಷಣೆಯಿರಲಿಲ್ಲ. ಚಳಿನಾಡುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಅದನ್ನು ಕೆಳಗಿನಿಂದ ತಿಂದು ಹಾಕಿತು. ಎರಡನೆಯ ಕಾರಣ ಕಾನೂನು. ಜಪಾನಿನಲ್ಲಿ ಕಾರುಗಳಿಗೆ ಕಟ್ಟುನಿಟ್ಟಿನ ತಪಾಸಣೆಯುಂಟು. ಹತ್ತು ವರ್ಷ ದಾಟಿದ ಕಾರಿಗೆ 1995ರ ವರೆಗೂ ಅದು ಪ್ರತಿವರ್ಷದ ಖರ್ಚಾಗಿತ್ತು. ಮುಂದೆ 13 ವರ್ಷ ದಾಟಿದ ಪೆಟ್ರೋಲು ಕಾರಿಗೆ ಹೆಚ್ಚು ತೆರಿಗೆಯೂ ಬಂದಿತು. ಹಳೆಯದನ್ನು ಇಟ್ಟುಕೊಳ್ಳುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲಾಭವೆಂದು ಜನ ಎಣಿಸಿದರೆ ತಪ್ಪೇನು? ಮೂರನೆಯ ಕಾರಣ, ಬಿಡಿಭಾಗಗಳ ತಯಾರಿ ನಿಂತುಹೋದುದು. ಬಾಗಿಲಿನ ರಬ್ಬರು ಪಟ್ಟಿಯಂತಹ ಸಣ್ಣ ವಸ್ತು ಸಿಗದಿದ್ದರೆ ಮಳೆನೀರು ಒಳಗಿಳಿದು ಇಡೀ ಕಾರೇ ಹಾಳಾಗುತ್ತದೆ.

ಇವನ್ನು ಉಳಿಸಿದವರು ಮೊದಲಿಗೆ ಕಾರ್ಖಾನೆಯ ಒಡೆಯರಲ್ಲ. ಹಠ ಹಿಡಿದ ಮಾಲೀಕರು ಮತ್ತು ಊರೂರಿನ ಮೆಕ್ಯಾನಿಕರು. ಅವರ ಕೆಲಸದ ಕ್ರಮ ತಿಳಿಯತಕ್ಕದ್ದು. ಮೊದಲು ಚಾಸಿಯ ನಂಬರನ್ನೂ ಎಂಜಿನ್ನಿನ ನಂಬರನ್ನೂ ಕಾಗದಪತ್ರಗಳೊಡನೆ ತಾಳೆ ನೋಡುವುದು. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಫೋಟೋ ತೆಗೆದು, ಬಿಚ್ಚಿದ ಬೋಲ್ಟುಗಳನ್ನು ಚೀಟಿ ಹಚ್ಚಿ ಇಡುವುದು. ಬಣ್ಣವನ್ನು ತಗಡಿನವರೆಗೂ ಕಿತ್ತು, ತುಕ್ಕು ಹಿಡಿದ ತುಂಡನ್ನು ಕತ್ತರಿಸಿ, ಹೊಸ ತಗಡನ್ನು ಬಡಿದು ರೂಪ ಕೊಟ್ಟು ವೆಲ್ಡಿಂಗ್ ಮಾಡುವುದು. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಚೆಂದ. ಆದರೆ ಒಳಗಿನ ತುಕ್ಕು ಸುಮ್ಮನಿರುವುದಿಲ್ಲ. ಬಳಿಕ ಕಾರ್ಬುರೇಟರುಗಳ ಸರದಿ. ನಾಲ್ಕಿದ್ದರೆ ನಾಲ್ಕೂ ಒಂದೇ ಪ್ರಮಾಣದಲ್ಲಿ ಗಾಳಿ ಸೆಳೆಯಬೇಕು. ಇಲ್ಲವಾದರೆ ಎಂಜಿನ್ನು ನಡುಗುತ್ತದೆ. ನುರಿತವರು ಕೊಳವೆಯೊಂದನ್ನು ಕಿವಿಗಿಟ್ಟು ಗಾಳಿಯ ಸದ್ದನ್ನು ಕೇಳಿಯೇ ಇದನ್ನು ಸರಿಪಡಿಸುವುದುಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಗಡು ಹೊಸದು, ರಬ್ಬರು ಹೊಸದು, ವೈರಿಂಗು ಹೊಸದು ಎಂದಾದ ಮೇಲೆ ಇದು ಹಳೆಯ ಕಾರು ಹೇಗಾದೀತು? ಗುಡಿಯ ವಿಷಯದಲ್ಲಿಯೂ ಇದೇ ಪ್ರಶ್ನೆಯುಂಟು. ಬಿದ್ದ ಕಂಬದ ಬದಲು ಹೊಸ ಕಂಬ ನಿಲ್ಲಿಸಬಹುದು. ಆದರೆ ಶಾಸನದ ಕಲ್ಲನ್ನು ಉಜ್ಜಿ ನುಣುಪು ಮಾಡಿದರೆ ಅದು ಜೀರ್ಣೋದ್ಧಾರವಲ್ಲ, ನಾಶ. ಹಾಗೆಯೇ ಅವಶ್ಯವಿದ್ದಷ್ಟನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಟ್ಟು, ಉಳಿದುದನ್ನು ಮುಟ್ಟದೆ ಬಿಡುವವನೇ ಒಳ್ಳೆಯ ಕೆಲಸಗಾರ.

ಜನರ ಈ ಹಠವನ್ನು ಕಂಡ ಮೇಲೆ ಕಾರ್ಖಾನೆಗಳೂ ಎಚ್ಚೆತ್ತವು. 1990ರ ದಶಕದ ಕೊನೆಯಲ್ಲಿ ನಿಸ್ಸಾನಿನ ಅಮೆರಿಕದ ಶಾಖೆ ಹಳೆಯ 240 ಝಡ್‌ಗಳನ್ನು ಕೊಂಡು, ಹೊಸದರಂತೆ ಮಾಡಿಸಿ ತನ್ನ ಅಂಗಡಿಗಳಲ್ಲಿಯೇ ಮಾರಿತು. ಕೆಲಸ ದುಬಾರಿಯಾದುದರಿಂದ ಐವತ್ತನ್ನೂ ಮುಟ್ಟಲಿಲ್ಲ. ಮಾಜ್ದಾದವರು 1989ರಲ್ಲಿ ಬಂದ ತಮ್ಮ ರೋಡ್‌ಸ್ಟರ್ ಕಾರುಗಳ ಜೀರ್ಣೋದ್ಧಾರವನ್ನು 2018ರಲ್ಲಿ ತಾವೇ ಕೈಗೊಂಡರು. 2020ರಲ್ಲಿ ಟೊಯೋಟಾದವರು 2000 ಜಿ.ಟಿ.ಗೆ ಬೇಕಾದ ಗೇರುಪೆಟ್ಟಿಗೆಯ ಭಾಗಗಳನ್ನು ಮತ್ತೆ ತಯಾರಿಸಿ ಕೊಡತೊಡಗಿದರು. ಅರ್ಧ ಶತಮಾನದ ಹಿಂದೆ ಮುಚ್ಚಿದ ಪುಟವನ್ನು ಮತ್ತೆ ತೆರೆದಂತಾಯಿತು.

ನಮ್ಮ ದೇಶದಲ್ಲಿ ಆಮದಿನ ನಿರ್ಬಂಧಗಳಿಂದಾಗಿ ಆ ಕಾಲದ ಜಪಾನೀ ಕ್ರೀಡಾಕಾರುಗಳು ಬಹಳ ಅಪರೂಪ. ಜಪಾನಿನ ಕಾರುವಿದ್ಯೆ ನಮ್ಮ ಮನೆಬಾಗಿಲಿಗೆ ಬಂದುದು ಸುಜುಕಿಯವರ ಸಹಾಯದಿಂದ ಕಟ್ಟಿದ ಮಾರುತಿ 800ರ ಮೂಲಕ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಕೊಂಡವರ ಕೈಗಿತ್ತರು. ಆ ಕುಟುಂಬ ಜೀವಮಾನವೆಲ್ಲ ಅದನ್ನು ಮಾರಲಿಲ್ಲ. ಬಳಿಕ ಮನೆಯ ಮುಂದೆ ನಿಂತು ತುಕ್ಕು ಹಿಡಿಯುತ್ತಿದ್ದ ಆ ಕಾರನ್ನು ಕಂಪನಿಯವರು ಪೂರ್ತಿ ಸರಿಪಡಿಸಿ ತಮ್ಮ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ.

ಸರ್ಕಾರವೂ 2021ರ ನಿಯಮಗಳಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಬೇರೆ ನಂಬರನ್ನು ಗೊತ್ತುಮಾಡಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಇಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಒಯ್ಯಬಹುದು. ಮೈಸೂರಿನ ಸಮೀಪ ಧರ್ಮಸ್ಥಳದವರು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಮನೆಮಂದಿಯೆಲ್ಲ ಹೋಗಿ ನೋಡಬಹುದು.

ನೋಡುವುದಕ್ಕಿಂತ ಮುಖ್ಯವಾದುದು ಮಾಡುವ ಕೈ. ಬಿಡದಿಯ ಟೊಯೋಟಾ ಕಾರ್ಖಾನೆಯ ಆವರಣದಲ್ಲಿ 2007ರಿಂದ ತಾಂತ್ರಿಕ ತರಬೇತಿ ಶಾಲೆಯೊಂದಿದ್ದು, ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳು ಅಲ್ಲಿ ವೆಲ್ಡಿಂಗ್, ಬಣ್ಣಗಾರಿಕೆ, ಜೋಡಣೆಗಳನ್ನು ಕಲಿಯುತ್ತಾರೆ. ಶಾಲೆಯಿಲ್ಲದೆಯೇ ಕಲಿತವರು ನಮ್ಮಲ್ಲಿಯೂ ಇದ್ದಾರೆ. ಶಹಾಬಾದು, ವಾಡಿ, ಚಿಂಚೋಳಿಗಳ ರಸ್ತೆ ಬದಿಯ ಗ್ಯಾರೇಜುಗಳಲ್ಲಿ, ಸಿಗದ ಪ್ಯಾಕಿಂಗನ್ನು ಹಾಳೆಯಿಂದ ಕತ್ತರಿಸಿ ಕೂಡಿಸುವ, ಸವೆದ ಬುಷ್ಷನ್ನು ಲೇತಿನಲ್ಲಿ ತಿರುವಿಸಿ ಹಾಕುವ ಉಸ್ತಾದರನ್ನು ಯಾರು ಕಂಡಿಲ್ಲ? ನಮ್ಮ ಹವೆಯೂ ಹಳೆಯ ವಾಹನಕ್ಕೆ ಪೂರ್ತಿ ವೈರಿಯಲ್ಲ. ಇಲ್ಲಿನ ಒಣಗಾಳಿಯಲ್ಲಿ ಉಕ್ಕು ಬೇಗ ತುಕ್ಕು ಹಿಡಿಯದು. ಆದರೆ ಬೇಸಗೆಯ ಬಿಸಿಲಿಗೆ ರಬ್ಬರು ಬಿರಿಯುತ್ತದೆ, ಧೂಳು ಎಂಜಿನ್ನನ್ನು ಸವೆಸುತ್ತದೆ. ನೆರಳೂ ಮೇಲುಹೊದಿಕೆಯೂ ಇದ್ದರೆ ಅರ್ಧ ಕೆಲಸವಾದಂತೆ.

ಯಾರ ಮನೆಯ ಹಿತ್ತಲಲ್ಲಾದರೂ ತಂದೆಯವರೋ ಅಜ್ಜನವರೋ ಓಡಿಸಿದ ಜೀಪೋ ಕಾರೋ ನಿಂತಿರಬಹುದು. ಅದನ್ನು ಗುಜರಿಯವನಿಗೆ ತೂಕಕ್ಕೆ ಕೊಡುವ ಮುನ್ನ ಅದರ ಕಾಗದಗಳನ್ನು ಹುಡುಕಿ ತೆಗೆಯಿರಿ. ಊರಿನ ಉಸ್ತಾದರನ್ನು ಒಮ್ಮೆ ಕರೆದು ತೋರಿಸಿರಿ. ಅವರ ಬಳಿ ಕೆಲಸ ಕಲಿಯಲು ಒಬ್ಬ ಹುಡುಗನೂ ಇದ್ದಾನೆಯೇ ಎಂದು ವಿಚಾರಿಸಿರಿ. ಕಾರ್ಖಾನೆ ಮನಸ್ಸು ಮಾಡಿದರೆ ಬಿಡಿಭಾಗವನ್ನು ಐವತ್ತು ವರ್ಷಗಳ ಮೇಲೂ ಮತ್ತೆ ಮಾಡಿಕೊಟ್ಟೀತು. ಆದರೆ ಕೈಯಿಂದ ಕೈಗೆ ಬಂದ ಕೆಲಸ ಒಂದು ತಲೆಮಾರು ತಪ್ಪಿದರೆ ಅದನ್ನು ಮತ್ತೆ ಕಲಿಸಿಕೊಡುವವರು ಸಿಗುವುದು ಕಷ್ಟ.