ಅಂಗಾರಕರ್ಮವೂ ಚಿತ್ರದುರ್ಗದ ಗಾಳಿಯೂ

ಶ್ರಾವಕನು ತೊರೆಯಬೇಕಾದ ಹದಿನೈದು ಜೀವನೋಪಾಯಗಳನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿವರಿಸಿದ್ದಾರೆ. ಇದ್ದಿಲು ಸುಡುವ ಅಂಗಾರಕರ್ಮ ಅವುಗಳಲ್ಲಿ ಮೊದಲನೆಯದು. ನೆಲವನ್ನು ಅಗೆದು ಒಡೆಯುವ ಸ್ಫೋಟಕರ್ಮವೂ ಅಲ್ಲಿದೆ. ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಇವೆರಡೂ ಕೂಡುತ್ತವೆ.

ಕನ್ನಡ ನಾಡಿನ ವಿದ್ಯುತ್ತು ಹುಟ್ಟಿದ್ದು ಬೆಂಕಿಯಿಂದಲ್ಲ. 1902ರಲ್ಲಿ ಶಿವನಸಮುದ್ರದ ನೀರು ಅದನ್ನು ಕೋಲಾರಕ್ಕೆ ಕಳುಹಿಸಿತು. ಅದು ಹೋದದ್ದು ಗಣಿಗೇ ಎಂಬುದು ಬೇರೆ ಮಾತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಉರಿಯತೊಡಗಿತು. ಆ ಸ್ಥಾವರ ಮುಂದೆ 1720 ಮೆಗಾವಾಟ್‌ಗೆ ಬೆಳೆಯಿತು.

ಮಳೆಗೆ ಬಡವಾದ ಚಿತ್ರದುರ್ಗ ಸೀಮೆಗೆ ಗಾಳಿಯ ಸಿರಿಯಿದೆ. ಜೋಗಿಮಟ್ಟಿಯ ಸಾಲಿನಲ್ಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನೆಲೆನಿಲ್ಲುವ ತಿಂಗಳುಗಳಲ್ಲೇ ಇವು ಬಿಡುವಿಲ್ಲದೆ ತಿರುಗುತ್ತವೆ. ರಾಜ್ಯದ ಪವನವಿದ್ಯುತ್ ಸಾಮರ್ಥ್ಯ ಇಂದು 5000 ಮೆಗಾವಾಟ್ ದಾಟಿದೆ.

ಇದು ಅಹಿಂಸೆಯ ವಿದ್ಯುತ್ತೇ? ಆಗಮದ ದೃಷ್ಟಿಯಲ್ಲಿ ವಾಯುವೂ ಏಕೇಂದ್ರಿಯ ಜೀವಕಾಯ. ಯಂತ್ರ ಸಾಗಿಸಲು ಗುಡ್ಡದ ನೆತ್ತಿಯನ್ನು ಕಡಿದು ದಾರಿ ಮಾಡಬೇಕು. ಅಲಗಿಗೆ ಸಿಕ್ಕುವ ಹಕ್ಕಿಯಂತೂ ಪಂಚೇಂದ್ರಿಯ ಜೀವಿ. ಆದರೂ ಪೃಥ್ವಿಯನ್ನು ಸೀಳಿ, ಅಗ್ನಿಯನ್ನು ಹಗಲಿರುಳು ಹೊತ್ತಿಸಿ, ಹಾರುಬೂದಿಯನ್ನು ಗುಡ್ಡೆಹಾಕುವ ಹಿಂಸೆಗೆ ಇದು ಸಮನಲ್ಲ. ಹಿಂಸೆಯಲ್ಲಿ ತರತಮ ಕಾಣುವುದು ಅಣುವ್ರತದ ವಿವೇಕವೇ ಆಗಿದೆ.

1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ದೀಪ ಬೆಳಗಿಸಿದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. ರಾಯಚೂರಿನಲ್ಲಿ ಒಲೆ ಆರಿಲ್ಲ. ಗಾಳಿ ಬಿದ್ದ ಸಂಜೆಗಳಲ್ಲಿ ಬಸದಿಯ ವಿದ್ಯುದ್ದೀಪಗಳಿಗೆ ಅದೇ ತಂತಿಯ ಮೇಲೆ ಅಂಗಾರದ ಬೆಳಕೂ ಬರುತ್ತದೆ.