ಹಳೆಯ ಗಣಕಯಂತ್ರ ಕಾಣದ ಡಿಸ್ಕ್: ಒಂದು ಕಾಲನಿರ್ಣಯ ವಿಚಾರ

ಹಳೆಯ ಗಣಕಯಂತ್ರಕ್ಕೆ ಹೊಸದಾಗಿ ಕೊಂಡು ತಂದ ಡಿಸ್ಕ್ ಡ್ರೈವನ್ನು ಜೋಡಿಸಿ ವಿದ್ಯುತ್ತನ್ನು ಹರಿಯಿಸಿದಾಗ, ಯಂತ್ರವು ಆ ಡ್ರೈವು ಇದೆಯೆಂಬುದನ್ನೇ ಅರಿಯದೆ ಹೋಗುವುದುಂಟು. ಇಲ್ಲವೆ ಅದರ ಅಳತೆಯನ್ನು ತೀರ ತಪ್ಪಾಗಿ ಹೇಳುವುದುಂಟು. ಆಗ ಡ್ರೈವು ಕೆಟ್ಟಿದೆಯೆಂದು ತೀರ್ಮಾನಿಸಿ ಅಂಗಡಿಗೆ ಹಿಂದಿರುಗಿಸುವುದು ಸಾಮಾನ್ಯವಾದ ರೂಢಿ. ಈ ರೂಢಿಯಲ್ಲಿ ವಿವೇಚನೆ ಸಾಲದೆಂದು ನಮ್ಮ ಅಭಿಪ್ರಾಯ. ಡ್ರೈವು ಕಾಣದಿರುವುದಕ್ಕೆ ಅದರ ದೋಷಕ್ಕಿಂತ ಯಂತ್ರದ ವಯಸ್ಸೇ ಬಹಳ ಸಲ ಕಾರಣವಾಗಿರುತ್ತದೆ. ಯಂತ್ರವು ಎಚ್ಚತ್ತೊಡನೆ ತನ್ನ ಅಂಗಾಂಗಗಳನ್ನು ಗುರುತಿಸಿಕೊಳ್ಳುವ ಕೆಲಸ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಅಡಗಿರುವ ಬಯಾಸ್ ಎಂಬ ಕ್ರಮವಿಧಿಯದು. ಆ ಬಯಾಸನ್ನು ಬರೆದ ವರ್ಷದಲ್ಲಿ ಎಷ್ಟು ದೊಡ್ಡ ಡಿಸ್ಕನ್ನು ಊಹಿಸಿಕೊಳ್ಳಲು ಸಾಧ್ಯವಿದ್ದಿತೋ ಅಷ್ಟೇ ಅದರ ಲೋಕ. ಶಾಸನದ ಲಿಪಿಯನ್ನು ನೋಡಿ ಅದರ ಕಾಲವನ್ನು ಗೊತ್ತುಮಾಡುವಂತೆ, ಯಂತ್ರವು ತೋರಿಸುವ ತಪ್ಪು ಸಂಖ್ಯೆಯಿಂದ ಅದರ ಬಯಾಸಿನ ಕಾಲವನ್ನು ತಕ್ಕಮಟ್ಟಿಗೆ ಗೊತ್ತುಮಾಡಬಹುದು. ಪ್ರಯೋಗಶಾಲೆಗಳಲ್ಲಿ ಹಳೆಯ ಉಪಕರಣಗಳೊಡನೆ ಬೆಸೆದುಕೊಂಡಿರುವ ಗಣಕಗಳು ಇನ್ನೂ ದುಡಿಯುತ್ತಿರುವಾಗ, ಅವುಗಳ ಡಿಸ್ಕಿನಲ್ಲಿ ಅನೇಕ ವರ್ಷಗಳ ಅಳತೆಗಳು ಕೂಡಿಬಿದ್ದಿರುವಾಗ, ಈ ವಿಚಾರ ಕೇವಲ ಕುತೂಹಲದ್ದಲ್ಲ.

ಡಿಸ್ಕ್ ಡ್ರೈವಿನ ಚರಿತ್ರೆ 1956ರಲ್ಲಿ ಐ.ಬಿ.ಎಂ. ಸಂಸ್ಥೆಯ 350 ಎಂಬ ಘಟಕದಿಂದ ಮೊದಲಾಗುತ್ತದೆ. 24 ಅಂಗುಲ ವ್ಯಾಸದ 50 ತಟ್ಟೆಗಳುಳ್ಳ ಆ ಬೃಹದ್ಯಂತ್ರದಲ್ಲಿ 50 ಲಕ್ಷ ಅಕ್ಷರಗಳು ಹಿಡಿಯುತ್ತಿದ್ದುವು. ನಮ್ಮ ಪ್ರಕೃತ ವಿಷಯಕ್ಕೆ ಸಂಬಂಧಿಸಿದ ಕಥೆ ಆರಂಭವಾಗುವುದು ಇದಕ್ಕಿಂತ ಬಹಳ ಈಚೆಗೆ. 1981ರಲ್ಲಿ ಅದೇ ಸಂಸ್ಥೆ ಹೊರತಂದ ಪಿ.ಸಿ. ಎಂಬ ಸಣ್ಣ ಗಣಕದಲ್ಲಿ ಗಟ್ಟಿ ಡಿಸ್ಕು ಇರಲೇ ಇಲ್ಲ. 1983ರ ಎಕ್ಸ್.ಟಿ. ಮಾದರಿಯಲ್ಲಿ 10 ಮೆಗಾಬೈಟಿನ ಡಿಸ್ಕು ಬಂದಿತು. 1984ರ ಎ.ಟಿ. ಮಾದರಿಯಲ್ಲಿ ಬಯಾಸಿನೊಳಗೆ 14 ಬಗೆಯ ಡಿಸ್ಕುಗಳ ಒಂದು ಪಟ್ಟಿಯನ್ನು ಬರೆದಿಟ್ಟರು. ಯಜಮಾನನಾದವನು ತನ್ನ ಡಿಸ್ಕು ಪಟ್ಟಿಯಲ್ಲಿ ಎಷ್ಟನೆಯದೆಂದು ಯಂತ್ರಕ್ಕೆ ತಿಳಿಸಬೇಕು. ಯಂತ್ರವು ಆ ಅಂಕವನ್ನು ಬ್ಯಾಟರಿಯ ಬಲದಿಂದ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕು ಆ ಯಂತ್ರದ ಪಾಲಿಗೆ ಇಲ್ಲದಂತೆಯೇ. ಇತರ ತಯಾರಕರು ಮುಂದೆ ಪಟ್ಟಿಯನ್ನು ಬೆಳೆಸಿ, ಕೊನೆಯಲ್ಲಿ ಅಳತೆಗಳನ್ನು ಬಳಸುವವನೇ ತುಂಬಬಹುದಾದ ಒಂದು ಖಾಲಿ ಸ್ಥಾನವನ್ನು ಬಿಟ್ಟರು. ಈ ಕಾಲದ ಯಂತ್ರಗಳಲ್ಲಿ ನಿನ್ನೆಯವರೆಗೆ ಕಾಣುತ್ತಿದ್ದ ಡಿಸ್ಕು ಇಂದು ಕಾಣದಾದರೆ ಮೊದಲು ಪರೀಕ್ಷಿಸಬೇಕಾದುದು ಡಿಸ್ಕನ್ನಲ್ಲ, ಬ್ಯಾಟರಿಯನ್ನು.

1986ರ ಸುಮಾರಿಗೆ ಡ್ರೈವನ್ನು ನಡೆಸುವ ವಿದ್ಯುನ್ಮಂಡಲವನ್ನು ಡ್ರೈವಿನ ಮೈಮೇಲೆಯೇ ಕೂರಿಸುವ ಐ.ಡಿ.ಇ. ಪದ್ಧತಿ ಬಳಕೆಗೆ ಬಂದಿತು. ಇದರ ಶಿಷ್ಟರೂಪವೇ ಎ.ಟಿ.ಎ. ಎಂಬ ಹೆಸರಿನಿಂದ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಒಂದೇ ಕೇಬಲ್ಲಿಗೆ ಎರಡು ಡ್ರೈವುಗಳನ್ನು ಜೋಡಿಸಬಹುದು. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಜಂಪರ್ ಎಂಬ ಪುಟ್ಟ ಕೊಂಡಿಯಿಂದ ಗೊತ್ತುಮಾಡಬೇಕು. ಎರಡೂ ಮಾಸ್ಟರ್ ಆದರೆ ಎರಡೂ ಕಾಣದೆ ಹೋಗಬಹುದು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಅನೇಕ ಡ್ರೈವುಗಳಲ್ಲಿ ಒಂಟಿಯಾಗಿರುವ ಡ್ರೈವಿಗೂ ಜೊತೆಯುಳ್ಳ ಮಾಸ್ಟರಿಗೂ ಜಂಪರಿನ ಸ್ಥಾನವೇ ಬೇರೆ. ಇವು ಕೇವಲ ಜೋಡಣೆಯ ಸಂಗತಿಗಳು, ಹೆಚ್ಚು ವಿಸ್ತರಿಸಬೇಕಾದುದಿಲ್ಲ.

ನಿಜವಾದ ತೊಡಕು ಲೆಕ್ಕದ್ದು. ಡಿಸ್ಕಿನ ಒಂದೊಂದು ಸೆಕ್ಟರಿನಲ್ಲಿ 512 ಬೈಟುಗಳಿರುತ್ತಿದ್ದುವು. ಆ ಸೆಕ್ಟರನ್ನು ಹುಡುಕಲು ಮೂರು ಅಂಕಗಳ ವಿಳಾಸ ಬೇಕಾಗಿದ್ದಿತು: ತಟ್ಟೆಯ ಅಂಚಿನಿಂದ ಎಷ್ಟನೆಯ ಸುತ್ತೆಂಬುದು ಸಿಲಿಂಡರ್, ಯಾವ ಮುಖವೆಂಬುದು ಹೆಡ್, ಆ ಸುತ್ತಿನಲ್ಲಿ ಎಷ್ಟನೆಯ ತುಂಡೆಂಬುದು ಸೆಕ್ಟರ್. ಐ.ಬಿ.ಎಂ. ಬಯಾಸನ್ನು ಬರೆದವರು ಸಿಲಿಂಡರಿಗೆ 10 ಬಿಟ್, ಹೆಡ್ಡಿಗೆ 8 ಬಿಟ್, ಸೆಕ್ಟರಿಗೆ 6 ಬಿಟ್‌ಗಳನ್ನು ಹಂಚಿದರು. ಅಂದರೆ 1024 ಸಿಲಿಂಡರ್, 256 ಹೆಡ್, 63 ಸೆಕ್ಟರ್. ಸೆಕ್ಟರಿನ ಎಣಿಕೆ ಸೊನ್ನೆಯಿಂದಲ್ಲದೆ ಒಂದರಿಂದ ಆರಂಭವಾಗುವುದರಿಂದ 64ರಲ್ಲಿ ಒಂದು ಕಡಿಮೆ. ಇತ್ತ ಎ.ಟಿ.ಎ. ಪದ್ಧತಿಯಲ್ಲಿ ಸಿಲಿಂಡರಿಗೆ 16, ಹೆಡ್ಡಿಗೆ 4, ಸೆಕ್ಟರಿಗೆ 8 ಬಿಟ್‌ಗಳು ದೊರೆತಿದ್ದುವು. ಬೇರೆಬೇರೆಯಾಗಿ ನೋಡಿದರೆ ಎರಡೂ ವಿಶಾಲವಾದ ಪದ್ಧತಿಗಳೇ. ಮೊದಲನೆಯದು 8.4 ಗಿಗಾಬೈಟಿನವರೆಗೂ ಎರಡನೆಯದು ಸುಮಾರು 137 ಗಿಗಾಬೈಟಿನವರೆಗೂ ಎಣಿಸಬಲ್ಲದು. ಆದರೆ ಬಯಾಸ್ ಕೊಟ್ಟ ವಿಳಾಸವನ್ನು ಡ್ರೈವು ಅರ್ಥಮಾಡಿಕೊಳ್ಳಬೇಕಾದರೆ ಪ್ರತಿಯೊಂದು ಅಂಕವೂ ಎರಡು ಕಡೆಯ ಮಿತಿಗೂ ಒಳಪಟ್ಟಿರಬೇಕು. ಒಂದೇ ಗ್ರಾಮದ ಲೆಕ್ಕವನ್ನು ಇಬ್ಬರು ಶಾನುಭೋಗರು ಬರೆದು, ಒಬ್ಬನ ಕಡತದಲ್ಲಿ ಸರ್ವೆ ನಂಬರಿನ ಅಂಕಣ ಕಿರಿದಾಗಿಯೂ ಇನ್ನೊಬ್ಬನದರಲ್ಲಿ ವಿಸ್ತೀರ್ಣದ ಅಂಕಣ ಕಿರಿದಾಗಿಯೂ ಇದ್ದರೆ, ಎರಡರಲ್ಲಿಯೂ ಬರೆಯಬಹುದಾದ ಜಮೀನು ಮಾತ್ರವೇ ಗ್ರಾಮದಲ್ಲಿರುವುದೆಂದು ಭಾವಿಸಿದಂತಾಯಿತು. ಕಿರಿದಾದ ಅಂಕಣಗಳನ್ನೇ ಆರಿಸಿದರೆ ಉಳಿಯುವುದು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಇವುಗಳ ಗುಣಲಬ್ಧ 10,32,192 ಸೆಕ್ಟರುಗಳು, ಎಂದರೆ 52,84,82,304 ಬೈಟುಗಳು.

ಇದೇ 504 ಮೆಗಾಬೈಟಿನ ಪ್ರಸಿದ್ಧವಾದ ಗಡಿ. ಕೆಲವರು ಇದನ್ನು 528 ಎನ್ನುವರು. ಹತ್ತು ಲಕ್ಷ ಬೈಟುಗಳನ್ನು ಒಂದು ಮೆಗಾಬೈಟೆಂದು ಎಣಿಸುವ ತಯಾರಕರ ಲೆಕ್ಕಕ್ಕೂ 10,48,576 ಬೈಟುಗಳನ್ನು ಒಂದೆನ್ನುವ ಯಂತ್ರದ ಲೆಕ್ಕಕ್ಕೂ ಇರುವ ವ್ಯತ್ಯಾಸವಷ್ಟೇ ಇದು. ಯಾರೂ ಬೇಕೆಂದು ಈ ಗಡಿಯನ್ನು ಹಾಕಲಿಲ್ಲ. ಎರಡು ಕಡೆಯವರೂ ತಮ್ಮತಮ್ಮ ಕಾಲಕ್ಕೆ ಧಾರಾಳವಾಗಿಯೇ ನಡೆದುಕೊಂಡಿದ್ದರು. 10 ಮೆಗಾಬೈಟಿನ ಡಿಸ್ಕಿಗಾಗಿ ಮಾಡಿದ ಹಂಚಿಕೆ ಐವತ್ತು ಪಟ್ಟು ದೊಡ್ಡ ಡಿಸ್ಕಿನವರೆಗೆ ನಡೆದುಬಂದುದು ಸಣ್ಣ ಮಾತಲ್ಲ. 1990ರ ದಶಕದ ನಡುವಣ ವರ್ಷಗಳಲ್ಲಿ ಡಿಸ್ಕುಗಳು ಈ ಎಲ್ಲೆಯನ್ನು ದಾಟಿದಾಗ ಯಂತ್ರಗಳು ವಿಚಿತ್ರವಾಗಿ ವರ್ತಿಸಿದುವು. ಕೆಲವು 504ರಲ್ಲಿಯೇ ನಿಂತುವು. ಮತ್ತೆ ಕೆಲವು ಸಿಲಿಂಡರುಗಳ ಸಂಖ್ಯೆಯನ್ನು 1024ರಿಂದ ಭಾಗಿಸಿ ಉಳಿದ ಶೇಷವನ್ನೇ ನಿಜವೆಂದು ನಂಬಿದುವು. 2100 ಸಿಲಿಂಡರುಗಳ, ಒಂದು ಗಿಗಾಬೈಟಿಗೂ ಮಿಗಿಲಾದ ಡಿಸ್ಕು ಇಂತಹ ಯಂತ್ರಕ್ಕೆ 52 ಸಿಲಿಂಡರುಗಳ, ಸುಮಾರು 27 ಮೆಗಾಬೈಟಿನ ಡಿಸ್ಕಾಗಿ ತೋರುತ್ತದೆ. ಸಂಖ್ಯೆ ಅಸಂಬದ್ಧವಾಗಿ ಕಂಡರೂ ಅದು ಶುದ್ಧವಾದ ಶೇಷ. ಬಲ್ಲವನಿಗೆ ಅದೇ ಸಾಕ್ಷ್ಯ.

ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ವಿಳಾಸಾಂತರ. ಸಿಲಿಂಡರುಗಳನ್ನು ನಾಲ್ಕರಿಂದ ಭಾಗಿಸಿ ಹೆಡ್ಡುಗಳನ್ನು ನಾಲ್ಕರಿಂದ ಗುಣಿಸಿದರೆ ಮೇಲಿನ ಡಿಸ್ಕು 525 ಸಿಲಿಂಡರ್, 64 ಹೆಡ್ಡುಗಳದಾಗಿ ಬಯಾಸಿನ ಅಂಕಣಗಳಲ್ಲಿ ಅಡಗುತ್ತದೆ. 64 ಹೆಡ್ಡುಗಳುಳ್ಳ ಡಿಸ್ಕು ಪೆಟ್ಟಿಗೆಯೊಳಗೆ ಎಲ್ಲಿಯೂ ಇಲ್ಲ. ಆದರೂ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಇನ್ನೊಂದು, ಸೆಕ್ಟರುಗಳನ್ನು ಸೊನ್ನೆಯಿಂದ ಒಂದೇ ಸಾಲಿನಲ್ಲಿ ಎಣಿಸುವ ಎಲ್.ಬಿ.ಎ. ಪದ್ಧತಿ. ಬಯಾಸನ್ನು ಬದಲಾಯಿಸಲಾಗದ ಯಂತ್ರಗಳಿಗೆ ಡಿಸ್ಕಿನ ಮೊದಲ ಭಾಗದಲ್ಲಿಯೇ ಕುಳಿತು ಮಧ್ಯಸ್ಥಿಕೆ ಮಾಡುವ ಕ್ರಮವಿಧಿಗಳೂ ಬಂದುವು. ಆನ್‌ಟ್ರ್ಯಾಕ್ ಸಂಸ್ಥೆಯ ಡಿಸ್ಕ್ ಮ್ಯಾನೇಜರ್ ಇವುಗಳಲ್ಲಿ ಹೆಸರಾದುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ವಿಧವಾದ ವಿಳಾಸಾಂತರದಲ್ಲಿ, ಅಥವಾ ಇಂತಹ ಮಧ್ಯಸ್ಥನ ಆಶ್ರಯದಲ್ಲಿ ಬರೆದ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಅದು ಖಾಲಿಯಾಗಿಯೋ ಕೆಟ್ಟುದಾಗಿಯೋ ಕಾಣಬಹುದು. ಒಳಗಿನ ಬರೆಹವೆಲ್ಲ ಇದ್ದಂತೆಯೇ ಇರುತ್ತದೆ. ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳುವ ಪ್ರಶ್ನೆಗೆ ಹೌದೆಂದು ಉತ್ತರಿಸಿದ ಮೇಲೆ ಅದನ್ನು ಮರಳಿ ಪಡೆಯುವುದು ಬಹು ಕಷ್ಟ.

ಮುಂದಿನ ಗಡಿ 8.4 ಗಿಗಾಬೈಟು. ಇದಕ್ಕಿಂತ ದೊಡ್ಡ ಡ್ರೈವುಗಳೆಲ್ಲ ತಮ್ಮನ್ನು 16,383 ಸಿಲಿಂಡರ್, 16 ಹೆಡ್, 63 ಸೆಕ್ಟರುಗಳವೆಂದೇ ಹೇಳಿಕೊಳ್ಳಬೇಕೆಂಬ ಒಪ್ಪಂದ ಏರ್ಪಟ್ಟಿತು. ಆದುದರಿಂದ ಯಾವ ಡ್ರೈವನ್ನು ಜೋಡಿಸಿದರೂ 8.4 ಎನ್ನುವ ಯಂತ್ರವು ಹಳೆಯ ಮೂರಂಕದ ವಿಳಾಸವನ್ನು ಮಾತ್ರ ಓದಬಲ್ಲುದೆಂದು ತಿಳಿಯಬೇಕು. 33.8 ಗಿಗಾಬೈಟಿನ ಗಡಿ ಇನ್ನೂ ಕ್ರೂರವಾದುದು. 1999ಕ್ಕೆ ಹಿಂದಿನ ಕೆಲವು ಅವಾರ್ಡ್ ಬಯಾಸುಗಳು ಡ್ರೈವಿನ ಸೆಕ್ಟರುಗಳಿಂದ ಸಿಲಿಂಡರುಗಳನ್ನು ಲೆಕ್ಕ ಹಾಕುವಾಗ ಸಂಖ್ಯೆ 65,535ನ್ನು ಮೀರಿದರೆ ಅಲ್ಲಿಯೇ ಸ್ತಬ್ಧವಾಗುತ್ತಿದ್ದುವು. ಡ್ರೈವು ಕಾಣದಿರುವುದಷ್ಟೇ ಅಲ್ಲ, ಯಂತ್ರವೇ ಏಳುವುದಿಲ್ಲ! ಡ್ರೈವು ಯಂತ್ರವನ್ನೇ ಸುಟ್ಟುಹಾಕಿತೆಂದು ಭಾವಿಸುವುದು ಇಲ್ಲಿ ಸಹಜ. ಡ್ರೈವನ್ನು ಬಿಚ್ಚಿ, ಬಯಾಸನ್ನು ನವೀಕರಿಸಿ, ಮತ್ತೆ ಜೋಡಿಸುವುದು ಸರಿಯಾದ ಕ್ರಮ. ಅದು ಸಾಧ್ಯವಿಲ್ಲದವರಿಗಾಗಿ ತಯಾರಕರು ಡ್ರೈವಿನ ಮೇಲೆಯೇ ಒಂದು ಜಂಪರನ್ನು ಇಟ್ಟಿದ್ದರು. ಅದನ್ನು ಹಾಕಿದರೆ ಡ್ರೈವು ತನ್ನ ಗಾತ್ರವನ್ನು ಕುಗ್ಗಿಸಿ ಹೇಳುತ್ತಿದ್ದಿತು.

ಇಲ್ಲಿಯವರೆಗಿನ ಗಡಿಗಳಲ್ಲಿ ಡ್ರೈವು ಕಾಣದಿರುವುದೇ ಕಷ್ಟವಾದರೆ, 137 ಗಿಗಾಬೈಟಿನ ಗಡಿಯಲ್ಲಿ ಅದು ಕಾಣುವುದೇ ಅಪಾಯ. ಎಲ್.ಬಿ.ಎ. ಎಣಿಕೆಗೆ ಮೊದಲು ದೊರೆತದ್ದು 28 ಬಿಟ್. 26,84,35,456 ಸೆಕ್ಟರುಗಳಿಗೆ ಎಣಿಕೆ ಮುಗಿಯುತ್ತದೆ. 2002ರ ಆರನೆಯ ಎ.ಟಿ.ಎ. ಮಾನಕ ಇದನ್ನು 48 ಬಿಟ್ಟಿಗೆ ಏರಿಸಿತು. ವಿಂಡೋಸ್ ಎಕ್ಸ್.ಪಿ. 2001ರಲ್ಲಿ ಹೊರಬಂದಾಗ ಈ ದೊಡ್ಡ ಎಣಿಕೆಯನ್ನು ಬಲ್ಲುದಾಗಿರಲಿಲ್ಲ. 2002ರ ಮೊದಲನೆಯ ಸರ್ವಿಸ್ ಪ್ಯಾಕಿನಿಂದ ಆ ಶಕ್ತಿ ಬಂದಿತು. ಈಗ ಹೊಸ ಯಂತ್ರದಲ್ಲಿ ಪೂರ್ಣವಾಗಿ ವಿಭಾಗ ಮಾಡಿದ 160 ಗಿಗಾಬೈಟಿನ ಡ್ರೈವೊಂದನ್ನು 28 ಬಿಟ್ಟಿನ ಹಳೆಯ ವ್ಯವಸ್ಥೆಗೆ ತಂದು ಜೋಡಿಸಿದೆವೆನ್ನೋಣ. ಎಲ್ಲವೂ ನೆಟ್ಟಗೆ ನಡೆಯುತ್ತಿರುವಂತೆ ತೋರುತ್ತದೆ. ಕಡತಗಳು ಬೆಳೆದು 137ನ್ನು ದಾಟಿದ ದಿನ, ವಿಳಾಸದ ಮೇಲಿನ ಬಿಟ್‌ಗಳು ಉದುರಿಹೋಗಿ, ಎಲ್ಲೆಯಾಚೆಗೆಂದು ಬರೆದದ್ದು ಡಿಸ್ಕಿನ ಮೊದಲ ಸೆಕ್ಟರುಗಳ ಮೇಲೆಯೇ ಬೀಳುವ ಸಂಭವವಿದೆ. ಡಿಸ್ಕಿನ ವಿಭಾಗಗಳ ಪಟ್ಟಿ ಇರುವುದು ಅಲ್ಲಿಯೇ. ಯಾವ ದೋಷಸೂಚನೆಯೂ ಇಲ್ಲದೆ ಒಂದು ಸಂಗ್ರಹವೆಲ್ಲ ನಾಶವಾಗುವ ಬಗೆ ಇದು. ಡ್ರೈವನ್ನು ಕಾಣಲಾರೆನೆಂದು ಪ್ರಾಮಾಣಿಕವಾಗಿ ಸುಮ್ಮನಿರುವ ಯಂತ್ರವು, ಅರ್ಧ ಕಂಡು ಬರೆಯಲು ತೊಡಗುವ ಯಂತ್ರಕ್ಕಿಂತ ಮೇಲೆಂದು ನಾವು ಹೇಳುವೆವು.

2010ರಲ್ಲಿ 3 ಟೆರಾಬೈಟಿನ ಡ್ರೈವುಗಳು ಬಂದಾಗ ಅದೇ ಶೇಷದ ಲೆಕ್ಕ ಮರುಕಳಿಸಿತು. 1983ರಿಂದ ನಡೆದುಬಂದ ವಿಭಾಗಪಟ್ಟಿಯಲ್ಲಿ ಸೆಕ್ಟರಿನ ಸಂಖ್ಯೆಗೆ 32 ಬಿಟ್. ಅದರ ಮಿತಿ ಸುಮಾರು 2.2 ಟೆರಾಬೈಟು. ಹಳೆಯ ವ್ಯವಸ್ಥೆಗಳು ಮೂರರಲ್ಲಿ ಈ 2.2ನ್ನು ಕಳೆದು 746 ಗಿಗಾಬೈಟೆಂದು ತೋರಿಸಿದುವು.

ಇನ್ನು 2003ರಿಂದ ಮಾರುಕಟ್ಟೆಗೆ ಬಂದ ಸಾಟಾ ಡ್ರೈವುಗಳ ಮಾತು. ಇಲ್ಲಿ ಮಾಸ್ಟರ್ ಸ್ಲೇವುಗಳ ತಂಟೆಯಿಲ್ಲ, ತೊಡಕು ವೇಗದ್ದು. ಮೊದಲಿನ ವೇಗ ಸೆಕೆಂಡಿಗೆ 1.5 ಗಿಗಾಬಿಟ್, ಅನಂತರದ್ದು 3. ಎರಡು ಕಡೆಯೂ ಪರಸ್ಪರ ಸಂಧಾನ ಮಾಡಿಕೊಂಡು ಕಡಿಮೆ ವೇಗಕ್ಕೆ ಇಳಿಯಬೇಕೆಂಬುದು ನಿಯಮ. ವಿಯಾ ಸಂಸ್ಥೆಯ ವಿ.ಟಿ. 8237 ಮೊದಲಾದ ಚಿಪ್ಪುಗಳು ಈ ಸಂಧಾನದಲ್ಲಿ ಸೋಲುತ್ತಿದ್ದುವು. ಡ್ರೈವು ಕಾಣುತ್ತಲೇ ಇರಲಿಲ್ಲ. ಅನೇಕ ಡ್ರೈವುಗಳಲ್ಲಿ 1.5ಕ್ಕೆ ಕಟ್ಟಿಹಾಕುವ ಜಂಪರೊಂದಿರುವುದು ಇದಕ್ಕಾಗಿಯೇ. ಕೊಳ್ಳುವಾಗ ಅದು ಇದೆಯೇ ಎಂದು ನೋಡುವುದು ಒಳ್ಳೆಯದು.

ತೀರ ಈಚಿನ ಪ್ರಸಂಗವೊಂದು ಲೆಕ್ಕಕ್ಕೂ ವೇಗಕ್ಕೂ ಸಂಬಂಧಿಸಿದ್ದಲ್ಲ. ಸಾಟಾ ವಿದ್ಯುತ್ ಕನೆಕ್ಟರಿನ ಮೊದಲ ಮೂರು ಪಿನ್ನುಗಳಿಗೆ ಹಿಂದೆ 3.3 ವೋಲ್ಟು ಗೊತ್ತಾಗಿದ್ದಿತು; ಆದರೆ ಬಹುಪಾಲು ಡ್ರೈವುಗಳು ಅದನ್ನು ಬಳಸುತ್ತಿರಲಿಲ್ಲ. 2016ರ ಸಾಟಾ 3.3 ಮಾನಕದಲ್ಲಿ ಮೂರನೆಯ ಪಿನ್ನಿಗೆ ಬೇರೆಯೇ ಅರ್ಥ ಬಂದಿತು: ಅಲ್ಲಿ ವೋಲ್ಟೇಜು ಇದ್ದರೆ ಡ್ರೈವು ನಿಲ್ಲಬೇಕು. ಈ ಗುಣವುಳ್ಳ ಡ್ರೈವನ್ನು, ಮುಖ್ಯವಾಗಿ ಸರ್ವರುಗಳಿಗಾಗಿ ಮಾಡಿದವನ್ನು, ಹಳೆಯ ವಿದ್ಯುತ್ ಪೂರೈಕೆಗೆ ಜೋಡಿಸಿದರೆ ಅದು ತಿರುಗುವುದೇ ಇಲ್ಲ. ಬಯಾಸಿಗೆ ಕಾಣುವುದಂತೂ ದೂರ ಉಳಿಯಿತು. ಸದ್ದೇ ಇಲ್ಲದ ಡ್ರೈವನ್ನು ಸತ್ತಿತೆಂದು ಎಣಿಸುವ ಮೊದಲು, ನಾಲ್ಕು ಪಿನ್ನಿನ ಹಳೆಯ ಕನೆಕ್ಟರಿನಿಂದ ಅಡಾಪ್ಟರಿನ ಮೂಲಕ ವಿದ್ಯುತ್ತನ್ನು ಕೊಟ್ಟು ನೋಡಬೇಕು. ಆ ಕನೆಕ್ಟರಿನಲ್ಲಿ 5 ಮತ್ತು 12 ವೋಲ್ಟುಗಳ ತಂತಿಗಳಿವೆಯೇ ಹೊರತು 3.3ರದು ಇಲ್ಲ, ಕಾರಣ ಇದೇ ಆಗಿದ್ದಲ್ಲಿ ಡ್ರೈವು ಕೂಡಲೆ ತಿರುಗತೊಡಗುತ್ತದೆ.