ಗುರಾಣಿಯ ಹೆಸರುಗಳೂ ‘ದಲಾಯತ’ ಶಬ್ದವೂ

ಕಛೇರಿಯಲ್ಲಿ ಕಾಗದಪತ್ರಗಳನ್ನು ಒಯ್ಯುವ, ಅಧಿಕಾರಿಯ ಬಾಗಿಲ ಬಳಿ ನಿಲ್ಲುವ ಸೇವಕನಿಗೆ ಮೈಸೂರು ಸೀಮೆಯಲ್ಲಿ ‘ದಲಾಯತ’ನೆಂಬ ಹೆಸರು ರೂಢವಾಗಿದೆ. ಇದು ‘ದಳ’ದಿಂದ ಹುಟ್ಟಿದ್ದು, ‘ದಳವಾಯಿ’ಗೆ ಸೋದರ ಶಬ್ದ ಎಂದುಬಿಡುವುದು ಸುಲಭ. ಈ ನಿಷ್ಪತ್ತಿ ಸಾಧುವಲ್ಲವೆಂದೂ, ಶಬ್ದದ ಮೂಲವು ಗುರಾಣಿಯಲ್ಲಿದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಗುರಾಣಿಯ ಹಳೆಯ ಹೆಸರುಗಳಲ್ಲಿ ಹಲವು ಅದನ್ನು ಮಾಡುತ್ತಿದ್ದ ವಸ್ತುವನ್ನೇ ಹೇಳುತ್ತವೆ. ಅಮರಸಿಂಹನು ಫಲಕ, ಫಲ, ಚರ್ಮ ಎಂದು ಮೂರು ಹೆಸರುಗಳನ್ನು ಕೊಡುತ್ತಾನೆ. ಚರ್ಮವೆಂದರೆ ತೊಗಲು, ಫಲಕವೆಂದರೆ ಹಲಗೆ. ಗುರಾಣಿಯ ಹಿಡಿಗೆ ‘ಸಂಗ್ರಾಹ’ವೆಂಬ ಬೇರೆಯೇ ಹೆಸರನ್ನು ಅವನು ಹೇಳಿರುವುದರಿಂದ, ಆ ಆಯುಧದ ರಚನೆ ಅವನ ಓದುಗರಿಗೆ ಚೆನ್ನಾಗಿ ಪರಿಚಿತವಾಗಿತ್ತೆಂದು ಊಹಿಸಬಹುದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರ ಪ್ರಕರಣದಲ್ಲಿ ಮೈಕಾಯುವ ಆವರಣಗಳ ಪಟ್ಟಿಯೊಂದಿದೆ. ಅದರಲ್ಲಿ ಚರ್ಮದೊಡನೆ ಹಸ್ತಿಕರ್ಣ, ಕವಾಟ ಮೊದಲಾದವು ಬರುತ್ತವೆ. ಆನೆಯ ಕಿವಿ, ಬಾಗಿಲ ಕದ: ಇಲ್ಲಿ ಹೆಸರು ಆಕಾರವನ್ನು ಹಿಡಿದು ಬಂದಿದೆ. ಕನ್ನಡದಲ್ಲಿ ‘ಹರಿಗೆ’ಯೆಂಬ ಹಳೆಯ ಶಬ್ದವಿದೆ, ಹಲಗೆಯೆಂಬುದೂ ಒಮ್ಮೆ ಗುರಾಣಿಗೆ ಸಲ್ಲುತ್ತಿತ್ತು. ಇನ್ನು ‘ಖೇಟಕ’ವು ಮುಖ್ಯವಾಗಿ ಮೂರ್ತಿಶಿಲ್ಪದ ಪರಿಭಾಷೆ. ಬಾದಾಮಿಯ ಮೂರನೆಯ ಗುಹೆಯಲ್ಲಿ (ಕ್ರಿ.ಶ. 578) ಅಷ್ಟಭುಜ ವಿಷ್ಣುವು ಇದನ್ನು ಧರಿಸಿರುವುದನ್ನು ಈಗಲೂ ನೋಡಬಹುದು.

ಇವೆಲ್ಲಕ್ಕಿಂತ ಈಚೆಗೆ, ಮರಾಠಿ ಮತ್ತು ಹಿಂದೂಸ್ತಾನಿಗಳ ಸಂಪರ್ಕದಿಂದ ಬಂದುದು ‘ಢಾಲು’. ಭಾಲೆ ಹಿಡಿದವನು ಮರಾಠಿಯಲ್ಲಿ ‘ಭಾಲಾಈತ’; ಢಾಲು ಹಿಡಿದವನು ‘ಢಾಲಾಈತ’. ನಮ್ಮ ದಲಾಯತನು ಇವನೇ. ದೊಡ್ಡ ಮನುಷ್ಯರ ಮುಂದೆ ಕತ್ತಿಗುರಾಣಿಗಳೊಡನೆ ನಡೆಯುತ್ತಿದ್ದ ಆಳು, ಕಾಲಕ್ರಮದಲ್ಲಿ ಅವರ ಓಲೆಗಳನ್ನು ಒಯ್ಯುವವನಾದನು. ಗುರಾಣಿ ಹೋಯಿತು, ಹೆಸರು ನಿಂತಿತು. ಯೂಲ್ ಮತ್ತು ಬರ್ನೆಲ್ಲರು 1886ರಲ್ಲಿ ಪ್ರಕಟಿಸಿದ ಕೋಶದಲ್ಲಿ ‘ದಲೋಯೆತ್’ ಎಂಬ ರೂಪವನ್ನು ಎತ್ತಿಕೊಂಡು, ಆಯುಧಧಾರಿಯಾದ ಸೇವಕ, ಸುದ್ದಿ ಒಯ್ಯುವವನು ಎಂದು ಅರ್ಥ ಹೇಳಿ, ‘ಢಾಲ್’ ಶಬ್ದವನ್ನೇ ಮೂಲವಾಗಿ ಕೊಟ್ಟಿದ್ದಾರೆ.

ದಳದ ಪಕ್ಷಕ್ಕೆ ದೊಡ್ಡ ಬಾಧಕವೆಂದರೆ ಳಕಾರ. ದಳ, ದಳವಾಯಿಗಳಲ್ಲಿ ಕನ್ನಡಿಗರ ನಾಲಗೆ ಅದನ್ನು ಬಿಟ್ಟುಕೊಟ್ಟಿಲ್ಲ; ದಲಾಯತದಲ್ಲಿ ಅದು ಇಲ್ಲವೇ ಇಲ್ಲ. ಢಕಾರವು ದಕಾರವಾದುದು ಹೇಗೆಂದು ಕೇಳಬಹುದು. ಮಹಾಪ್ರಾಣವನ್ನು ಕಳೆಯುವುದು ನಮ್ಮ ಆಡುಮಾತಿಗೆ ಸಹಜ. ಕಛೇರಿಯ ಕಾಗದಗಳಲ್ಲಿ ‘ಡಲಾಯತ್’ ಎಂಬ ಬರಹವೂ ಉಂಟಾಗಿ, ನಡುವಣ ಮೆಟ್ಟಿಲನ್ನು ಅದು ತೋರಿಸುತ್ತದೆ. ಅರ್ಥದ ಅಂತರವೂ ಅಲ್ಪವಲ್ಲ. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ದಳವಾಯಿಗಳು ಅರಸರನ್ನೇ ಅಂಕೆಯಲ್ಲಿಟ್ಟಿದ್ದವರು. ದಲಾಯತನು ಅಪ್ಪಣೆಗಾಗಿ ಕಾದು ನಿಂತವನು.

ಫಲಕವೂ ಯುದ್ಧಭೂಮಿಯಿಂದ ಕಛೇರಿಗೆ ಬಂದಿದೆ. ಅಧಿಕಾರಿಯ ನಾಮಫಲಕದ ಕೆಳಗೆ ದಲಾಯತನ ಪೀಠವಿರುವುದನ್ನು ಎಷ್ಟೋ ಕಡೆ ಕಂಡಿದ್ದೇವೆ. ಆದುದರಿಂದ ನಿಘಂಟುಗಳಲ್ಲಿ ಈ ಶಬ್ದವನ್ನು ದಳದ ಬಳಗದಿಂದ ಬೇರ್ಪಡಿಸಿ ಢಾಲಿನ ಕೆಳಗೆ ಸೇರಿಸುವುದೇ ಯುಕ್ತವೆಂದು ತೋರುತ್ತದೆ.